ಕೆರೆ ಕಟ್ಟಿದ ಶಿವಯೋಗಿ



ಲಿಂಗಕ್ಕೆ ಮಜ್ಜನ ಮಾಡಿಸಲು ಮೊದಲು ತಂಬಿಗೆ ನೀರು ಬೇಕು. ಆ ನೀರನ್ನು ಊರಿಗೆಲ್ಲ ಒದಗಿಸುವುದೂ ಶಿವಪೂಜೆಯೆಂದು ತಿಳಿದು ನಡೆದವರು 12ನೇ ಶತಮಾನದ ಸೊನ್ನಲಿಗೆಯ ಸಿದ್ಧರಾಮೇಶ್ವರರು.

ಅಂದಿನ ಸೊನ್ನಲಿಗೆಯೇ ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ. ಮುದ್ದುಗೌಡ, ಸುಗ್ಗಲೆಯರ ಮಗನಾಗಿ ಹುಟ್ಟಿ, ದನ ಕಾಯುತ್ತ ಬೆಳೆದ ಈ ಬಾಲಕ, ಜಂಗಮರೂಪದಲ್ಲಿ ಬಂದು ಮರೆಯಾದ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ನಡೆದನು. ಎಲ್ಲಿಯೂ ಕಾಣದೆ ಕಮರಿಗೆ ಹಾರಲು ನಿಂತಾಗ ಮಲ್ಲಿಕಾರ್ಜುನನೇ ಕೈಹಿಡಿದನೆಂದು ರಾಘವಾಂಕ ಕವಿಯು ಸಿದ್ಧರಾಮ ಚಾರಿತ್ರದಲ್ಲಿ ವರ್ಣಿಸಿದ್ದಾನೆ. ಸ್ವಾಮಿಯ ಅಪ್ಪಣೆಯಂತೆ ಊರಿಗೆ ಮರಳಿದ ಸಿದ್ಧರಾಮರು ಗುಡಿ ಕಟ್ಟಿದರು, ಕೆರೆಯನ್ನೂ ಕಟ್ಟಿಸಿದರು. ಮಳೆ ಕಡಿಮೆಯ ಆ ಬಯಲುಸೀಮೆಯಲ್ಲಿ ಬಿದ್ದ ನೀರು ನಿಂತರೆ ತಾನೆ ಜನ, ದನ ಬದುಕುವುದು? ಭಕ್ತರು ಗುದ್ದಲಿ, ಬುಟ್ಟಿ ಹಿಡಿದು ದುಡಿದರು.

ಆ ಕೆಲಸದ ನಡುವೆ ಅಲ್ಲಮಪ್ರಭುಗಳು ಬಂದರು. ಬೇಕೆಂತಲೇ ಕಟುವಾಗಿ ನುಡಿದರು. ಸಿಟ್ಟಿಗೆದ್ದ ಜನ ಕಲ್ಲು ತೂರಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಕೆರೆ ಕಟ್ಟಿದ್ದು ತಪ್ಪಲ್ಲ, ನಾನು ಕಟ್ಟಿದೆನೆಂಬ ಭಾವವೇ ತೊಡಕೆಂದು ಪ್ರಭುಗಳು ತೋರಿಸಿಕೊಟ್ಟರು. ಸಿದ್ಧರಾಮರು ಅದನ್ನು ಅರಿತು, ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದು, ಚನ್ನಬಸವಣ್ಣನವರಿಂದ ಇಷ್ಟಲಿಂಗ ಪಡೆದರು.

ಈ ಪ್ರಸಂಗವನ್ನು ನಾವು ನಮ್ಮ ಊರುಗಳಲ್ಲಿ ನಿಂತು ನೆನೆಯಬೇಕು. ಹಿಂದೆ ನೀರಗಂಟಿಯು ತೂಬು ಕಾಯುತ್ತಿದ್ದನು. ಬೇಸಿಗೆಯಲ್ಲಿ ಊರವರು ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಕೆರೆ ಎಲ್ಲರದಾಗಿತ್ತು, ಆದುದರಿಂದ ಉಳಿದಿತ್ತು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಪ್ರತಿ ಮನೆಗೂ ನಳದ ಮೂಲಕ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿತು. ನಳ ಬಂದರೆ ಸಂತೋಷವೇ. ಆದರೆ ಪೈಪು ಒಡೆದಾಗ ಪಂಚಾಯಿತಿಯವರು ಬರಲೆಂದು ಸುಮ್ಮನೆ ಕುಳಿತರೆ, ಒಡೆದಲ್ಲಿ ಚರಂಡಿಯ ನೀರು ಸೇರುತ್ತದೆ. ಕೆರೆಯ ಏರಿಯ ಮೇಲೆ ಬಹಿರ್ದೆಸೆಗೆ ಕುಳಿತರೆ, ಬಾವಿಯ ಮಗ್ಗುಲಲ್ಲೇ ಪಾಯಿಖಾನೆ ಗುಂಡಿ ತೋಡಿದರೆ, ಆ ಹೊಲಸು ಮಳೆಗೆ ಇಳಿದು ನಮ್ಮ ಕೊಡಕ್ಕೇ ಬರುತ್ತದೆ. ವಾಂತಿಭೇದಿಯಾಗಿ ಮಲಗುವುದು ನಮ್ಮ ಮೊಮ್ಮಕ್ಕಳೇ.

ದಾನಿಗಳ ಹೆಸರಿನ ಕಲ್ಲು ನೆಟ್ಟರೆ ಸಾಲದು, ಹೂಳೆತ್ತುವ ಕೈ ಬೇಕು. ಸೊಲ್ಲಾಪುರದ ಕೆರೆಯ ನಡುವಿನ ಗುಡಿಯಲ್ಲಿ ಆ ಶಿವಯೋಗಿಯ ಸಮಾಧಿಯಿದೆ. ಸಂಕ್ರಾಂತಿಯ ಜಾತ್ರೆಗೆ ಹೋಗಿ ಕೈಮುಗಿದು ಬರುವ ನಾವು, ಬರುವ ಬೇಸಿಗೆಯಲ್ಲಿ ನಮ್ಮೂರ ಕೆರೆಯಿಂದ ಮನೆಗೊಂದು ಬುಟ್ಟಿ ಹೂಳು ಹೊತ್ತರೆ ಅದೇ ಅವರಿಗೆ ಸಲ್ಲುವ ಪೂಜೆ.