ಪ್ರಾರ್ಥನೆಯ ದಿನಚರಿ ಮತ್ತು ಹರ್ಮನ್ ಮೊಗ್ಲಿಂಗ್

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಮಡಿಕೇರಿಗೆ ಹೋಗುವ ದಾರಿ ನಮ್ಮಲ್ಲಿ ಅನೇಕರಿಗೆ ಕಾಲೇಜಿಗೆ ಬರುವ ದಾರಿಯೂ ಹೌದು. ಪಿರಿಯಾಪಟ್ಟಣದ ಗಡಿ ದಾಟಿದರೆ ಕೊಡಗು. ಅಲ್ಲಿ ಸಿದ್ದಾಪುರ, ಅಮ್ಮತ್ತಿಗಳ ಕಡೆಯ ಕಾಫಿ ತೋಟಗಳ ನಡುವೆ ಆನಂದಪುರವೆಂಬ ಒಂದು ಊರಿದೆ. ಅದರ ಮೊದಲ ಮನೆಗಳನ್ನು ಎಬ್ಬಿಸಿದವರು ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು. ಇವರ ಹೆಸರು ಕನ್ನಡದ ಮೊದಲ ವೃತ್ತಪತ್ರಿಕೆಯೊಡನೆ ಸೇರಿ ಎಲ್ಲರಿಗೂ ತಿಳಿದದ್ದೇ ಆಗಿದೆ. ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನದ ಭಾಷಣಗಳಲ್ಲಿ ಅದನ್ನು ಕೇಳುತ್ತೇವೆ, ಮರುದಿನ ಮರೆಯುತ್ತೇವೆ. ಈ ಮನುಷ್ಯನನ್ನು ಬೆಳೆಸಿದ ಒಂದು ಹಳೆಯ ಅಭ್ಯಾಸದ ಕಡೆಯಿಂದ ಅವರ ಜೀವನವನ್ನು ನೋಡಬೇಕೆಂದು ನನಗೆ ತೋರಿತು.

ಮೊಗ್ಲಿಂಗರು 1811ರ ಮೇ 29ರಂದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿದರು. ಆ ಸೀಮೆಯಲ್ಲಿ ಪೀಟಿಸ್ಟರೆಂಬ ಭಕ್ತರ ಪಂಗಡ ಪ್ರಬಲವಾಗಿತ್ತು. ಧರ್ಮವೆಂದರೆ ಭಾನುವಾರದ ಉಪದೇಶವನ್ನು ಕೇಳಿ ಮನೆಗೆ ಬರುವುದಲ್ಲ, ದಿನದಿನವೂ ತನ್ನ ಮನಸ್ಸನ್ನು ತಾನೇ ಪರೀಕ್ಷಿಸಿಕೊಳ್ಳುವುದು ಎಂಬುದು ಇವರ ಮತ. ಈ ಪರೀಕ್ಷೆಗೆ ಸಾಧನ ದಿನಚರಿ. ಹೆರ್ನ್‌ಹುಟ್ ಎಂಬಲ್ಲಿಯ ಸಹೋದರ ಸಂಘದವರು ದಿನಕ್ಕೊಂದು ವೇದವಾಕ್ಯದಂತೆ ವರ್ಷಕ್ಕಾಗುವ ಪುಸ್ತಕವನ್ನು 1731ರಿಂದ ಅಚ್ಚು ಹಾಕಿಸುತ್ತ ಬಂದಿದ್ದಾರೆ. ಆ ವಾಕ್ಯವನ್ನು ಓದಿ, ಅದರ ಬೆಳಕಿನಲ್ಲಿ ಆ ದಿನ ಮಾಡಿದ ತಪ್ಪು, ಬೇಡಿದ ಬೇಡಿಕೆ, ಬಂದ ಕೃಪೆ ಇವನ್ನು ಬರೆದಿಡುವುದು ಭಕ್ತರ ರೂಢಿ. ನಮ್ಮ ಅಂಗಡಿಯವರು ದೀಪ ಹಚ್ಚಿದ ಮೇಲೆ ಕಡತ ಬಿಚ್ಚುವುದಿಲ್ಲವೆ? ಹಾಗೆಯೇ ಇದು, ಸಾಲಗಾರನು ಮಾತ್ರ ಬರೆಯುವವನೇ.

ಟ್ಯೂಬಿಂಗನ್ನಿನಲ್ಲಿ ದೈವಶಾಸ್ತ್ರವನ್ನು ಓದಿ, ಬಾಸೆಲ್ ಮಿಶನ್ನಿಗೆ ಸೇರಿ, ಮೊಗ್ಲಿಂಗರು 1836ರಲ್ಲಿ ಮಂಗಳೂರಿಗೆ ಬಂದರು. 1815ರಲ್ಲಿ ಹುಟ್ಟಿದ ಈ ಮಿಶನ್ನು ತನ್ನ ಕೆಲಸಗಾರರಿಂದ ಕ್ರಮವಾಗಿ ವರದಿಗಳನ್ನೂ ದಿನಚರಿಯ ಭಾಗಗಳನ್ನೂ ತರಿಸಿಕೊಳ್ಳುತ್ತಿತ್ತು. ಕೆಲವು ಮಿಶನ್ನಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಇಲ್ಲಿಯೇ ನನಗೆ ಒಂದು ಸಂಶಯ. ದೇವರ ಮುಂದೆ ಬರೆದುಕೊಂಡದ್ದನ್ನು ಕಮಿಟಿಯವರೂ ಓದುತ್ತಾರೆಂದು ಗೊತ್ತಿದ್ದವನು ಮನಬಿಚ್ಚಿ ಬರೆಯಬಲ್ಲನೆ? ಸೋಲನ್ನು ಪೂರ್ತಿ ಒಪ್ಪಿಕೊಂಡರೆ ದುರ್ಬಲನೆಂಬ ಹೆಸರು, ಮುಚ್ಚಿಟ್ಟರೆ ಪ್ರಾರ್ಥನೆಯೇ ಸುಳ್ಳು. ದಿನಚರಿ ಇಡುವ ಯಾವನಿಗೂ ಈ ಕಷ್ಟ ತಪ್ಪಿದ್ದಲ್ಲ. ಓದುವವರು ಮನೆಯವರೇ ಆದರೂ ಅಷ್ಟೇ.

ಮೊಗ್ಲಿಂಗರಿಗೆ ಬರೆದುಕೊಳ್ಳಲು ಬೇಕಾದಷ್ಟು ಇತ್ತು. ಅವರು ಮಂಗಳೂರಿನಲ್ಲಿ ಹುಡುಗರಿಗೆ ಪಾಠ ಹೇಳಿದರು, ಅವರೊಡನೆಯೇ ವಾಸಿಸಿದರು. 1844ರಲ್ಲಿ ಅವರ ಶಿಷ್ಯ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣನು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಗುರುವಿಗೆ ಅದು ಪ್ರಾರ್ಥನೆಯ ಫಲ; ಹುಡುಗನ ಮನೆಯವರಿಗೆ ಮಗನು ಕೈತಪ್ಪಿದ ದಿನ. ಒಂದೇ ದಿನವನ್ನು ಎರಡು ಮನೆಗಳಲ್ಲಿ ಎರಡು ಬಗೆಯಾಗಿ ಬರೆಯಬೇಕಾಗಿತ್ತು ಎಂಬುದನ್ನು ನಾವು ಮರೆಯಬಾರದು. ಮೊಗ್ಲಿಂಗರು ಆ ಶಿಷ್ಯನನ್ನು ಬಾಸೆಲಿಗೆ ಕರೆದೊಯ್ದು ಓದಿಸುವ ಏರ್ಪಾಟು ಮಾಡಿದರು.

ಅದಕ್ಕೂ ಮೊದಲೇ, 1843ರ ಜುಲೈ 1ರಂದು, ಮಂಗಳೂರ ಸಮಾಚಾರ ಹೊರಟಿತ್ತು. ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ಬರುತ್ತಿದ್ದ ನಾಲ್ಕು ಪುಟಗಳಲ್ಲಿ ಊರ ಸುದ್ದಿ, ಸರಕಾರದ ನಿರೂಪ, ಕಥೆ, ಹಾಡು ಎಲ್ಲಕ್ಕೂ ಎಡೆಯಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಾಯಿಸಿತು. ಕಂಡದ್ದನ್ನು ತಾರೀಖು ಹಾಕಿ ಬರೆದಿಡುವ ಮನೆಯ ಅಭ್ಯಾಸವೇ ಇಲ್ಲಿ ಊರಿನ ದಿನಚರಿಯಾಯಿತೆಂದು ನನ್ನ ಊಹೆ.

ಆದರೆ ನನ್ನನ್ನು ಹೆಚ್ಚು ಆಶ್ಚರ್ಯಗೊಳಿಸಿದ್ದು ಅನಂತರದ ಕೆಲಸ. ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ನೆರವಿನಿಂದ ಮೊಗ್ಲಿಂಗರು 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಜನರನ್ನು ವಿಠಲನಿಂದ ಕ್ರಿಸ್ತನ ಕಡೆಗೆ ತಿರುಗಿಸಲೆಂದು ಬಂದವನು ವಿಠಲನ ಪದಗಳನ್ನು ಒಂದೊಂದಾಗಿ ಕೂಡಿಸಿದನು! ದಾಸರೂ ತಮ್ಮ ತಪ್ಪುಗಳನ್ನು ದೇವರ ಮುಂದೆ ಲೆಕ್ಕ ಒಪ್ಪಿಸಿದವರೇ. ತಾನು ರಾತ್ರಿ ಮಾಡುವ ಕೆಲಸವನ್ನೇ ಇವರು ತಂಬೂರಿಯೊಡನೆ ಮಾಡುತ್ತಿದ್ದರೆಂದು ಆ ಪಾದ್ರಿಗೆ ಹೊಳೆಯದೆ ಇರಲಾರದು. ಈ ಸಾಹಿತ್ಯಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು.

ಪದವಿ ಬಂದಾಗ ಅವರು ಕೊಡಗಿನಲ್ಲಿದ್ದರು. 1852ರಲ್ಲಿ ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದವರನ್ನು ಅಳಮಂಡ ಸೋಮಯ್ಯನೆಂಬ ಕೊಡವನು ಬಂದು ಕಂಡನು. ಹಡಗು ಹತ್ತಬೇಕಾದವರು ಘಟ್ಟ ಹತ್ತಿದರು. 1855ರಲ್ಲಿ ಕೊಡಗಿನ ಚರಿತ್ರೆಯನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ ಬೆಂಗಳೂರಿನಲ್ಲಿ ಅಚ್ಚಾಯಿತು. ಭೂಮಾಲಿಕರ ಆಳುಗಳಾಗಿದ್ದ ದಲಿತ ಕುಟುಂಬಗಳು ಆಶ್ರಯ ಬೇಡಿ ಬಂದಾಗ ಅವರಿಗಾಗಿ ಆನಂದಪುರವನ್ನು ಕಟ್ಟಿದರು. ಹೊಟ್ಟೆಪಾಡಿಗೆ ಕಾಫಿ ಗಿಡ ನೆಡಿಸಿದರು. ಗೆಳೆಯ ವೈಗ್ಲೆಯವರು ತೀರಿಕೊಂಡ ಮೇಲೆ ಅವರ ವಿಧವೆ ಪೌಲೀನಾರನ್ನು ಮದುವೆಯಾಗಿದ್ದರು. 1860ರಲ್ಲಿ ಆನಂದಪುರವನ್ನು ಬಿಟ್ಟು ಹೋಗಬೇಕಾಯಿತು. ಅಲ್ಲಿಯ ಹೊಣೆಯನ್ನು ಮುಂದೆ ಹೊತ್ತವರು ಹಿಂದೆ ಊರಿನಲ್ಲಿ ಗದ್ದಲಕ್ಕೆ ಕಾರಣನಾಗಿದ್ದ ಅದೇ ಆನಂದರಾವ್ ಕೌಂಡಿನ್ಯರು.

ಜರ್ಮನಿಯಲ್ಲಿಯೂ ಕನ್ನಡ ಬಿಡಲಿಲ್ಲ. ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರ ಮೇ 10ರಂದು ಎಸ್‌ಲಿಂಗನ್ನಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆಯನ್ನು ಬರೆದವರು ಹಳೆಯ ಮಿತ್ರ ಹರ್ಮನ್ ಗುಂಡರ್ಟ್. ಮಲಯಾಳ ನಿಘಂಟಿನ ಕರ್ತೃ, ಕಾದಂಬರಿಕಾರ ಹರ್ಮನ್ ಹೆಸ್ಸೆಯವರ ಅಜ್ಜ. ಗುಂಡರ್ಟರು ತಾವೂ ದಿನಚರಿ ಇಟ್ಟಿದ್ದವರೇ. ಮಲಬಾರಿನಲ್ಲಿ ಅವರು 1837ರಿಂದ 1859ರ ವರೆಗೆ ಬರೆದದ್ದು 1983ರಲ್ಲಿ ಜರ್ಮನಿಯಲ್ಲಿ ಅಚ್ಚಾಯಿತು. ಮಿಶನ್ನಿನವರು ಬರೆದು ಕಳುಹಿಸಿದ ಕಾಗದಗಳ ಕಟ್ಟುಗಳು ಬಾಸೆಲಿನ ದಫ್ತರಖಾನೆಯಲ್ಲಿವೆ. ಆನಂದಪುರಕ್ಕೆ ಬಂದ ಆ ಮೊದಲ ಕುಟುಂಬಗಳೂ ಪ್ರಾರ್ಥಿಸಿದವು. ಆದರೆ ಅವರ ಕೈಗೆ ಆಗ ಯಾರೂ ಅಕ್ಷರ ಕೊಟ್ಟಿರಲಿಲ್ಲ.