ಜೀವಲಿಪಿಯನ್ನು ಓದಿದ ಸ್ಯಾಂಗರ್

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸ್ಥಾಪನೆಗೊಂಡ 1918ನೆಯ ಇಸವಿಯಲ್ಲಿಯೇ, ಆಗಸ್ಟ್ 13ರಂದು, ಇಂಗ್ಲೆಂಡಿನ ರೆಂಡ್‌ಕೂಂಬ್ ಎಂಬ ಹಳ್ಳಿಯಲ್ಲಿ ಫ್ರೆಡರಿಕ್ ಸ್ಯಾಂಗರ್ ಜನಿಸಿದರು. ತಂದೆ ವೈದ್ಯರು. ಮಗನೂ ಅದೇ ವೃತ್ತಿಯನ್ನು ಹಿಡಿಯುವನೆಂಬ ನಿರೀಕ್ಷೆಯಿತ್ತು. ಆದರೆ ಒಂದೇ ಸಮಸ್ಯೆಯ ಬೆನ್ನುಹತ್ತಿ ಕೊನೆಗಾಣುವವರೆಗೆ ದುಡಿಯಲು ವಿಜ್ಞಾನವೇ ತಕ್ಕ ಕ್ಷೇತ್ರವೆಂದು ಅವರಿಗೆ ತೋರಿತು. ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ತಂದೆತಾಯಿಗಳಿಬ್ಬರೂ ಕ್ಯಾನ್ಸರ್‌ಗೆ ಬಲಿಯಾದರು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದ ಸಂಸ್ಕಾರದಲ್ಲಿ ಬೆಳೆದ ಸ್ಯಾಂಗರ್ ಎರಡನೆಯ ಮಹಾಯುದ್ಧದಲ್ಲಿ ಶಸ್ತ್ರ ಹಿಡಿಯಲಿಲ್ಲ.

ಇನ್ಸುಲಿನ್ ಎಂಬ ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿ ಜೋಡಣೆಗೊಂಡಿವೆಯೆಂಬುದನ್ನು ಕಂಡುಹಿಡಿದುದಕ್ಕಾಗಿ ಅವರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆಗ ಅವರಿಗೆ ನಲವತ್ತು ವರ್ಷ. ಬೇರೆಯವರಾಗಿದ್ದರೆ ಕೀರ್ತಿಯ ನೆರಳಿನಲ್ಲಿ ವಿಶ್ರಮಿಸುತ್ತಿದ್ದರೇನೋ! ಸ್ಯಾಂಗರ್ ಇನ್ನೂ ಕಠಿಣವಾದ ಕೆಲಸಕ್ಕೆ ಕೈಹಾಕಿದರು.

ಜೀವಿಗಳ ಆನುವಂಶಿಕ ಗುಣಗಳು ಡಿಎನ್ಎ ಎಂಬ ನೀಳವಾದ ಸರಪಳಿಯಲ್ಲಿ ಅಡಗಿವೆ. ಈ ಸರಪಳಿಯ ಕೊಂಡಿಗಳೇ ನ್ಯೂಕ್ಲಿಯೋಟೈಡ್‌ಗಳು. ಇವು ನಾಲ್ಕೇ ಬಗೆ. ನಾಲ್ಕು ಅಕ್ಷರಗಳ ಈ ಲಿಪಿಯನ್ನು ಓದುವುದೆಂತು? ಸ್ಯಾಂಗರ್ ಒಂದು ವಿಧಾನವನ್ನು ರೂಪಿಸಿ, ಫೈ ಎಕ್ಸ್ 174 ಎಂಬ ವೈರಾಣುವಿನ ಐದು ಸಾವಿರಕ್ಕೂ ಮಿಕ್ಕಿದ ಅಕ್ಷರಗಳನ್ನು 1977ರ ಆರಂಭದಲ್ಲಿ ಪ್ರಕಟಿಸಿದರು. ಲೋಕ ಬೆರಗಾಯಿತು, ಅವರಿಗೆ ಮಾತ್ರ ತೃಪ್ತಿಯಾಗಲಿಲ್ಲ. ಒಂದೇ ಅಕ್ಷರ ಸಾಲಾಗಿ ಬಂದಲ್ಲಿ ಅದು ಎಷ್ಟು ಸಲ ಬಂದಿದೆಯೆಂದು ಆ ವಿಧಾನದಿಂದ ಖಚಿತವಾಗುತ್ತಿರಲಿಲ್ಲ. ತಾವೇ ಕಟ್ಟಿದುದನ್ನು ಬದಿಗಿಟ್ಟು ಅವರು ಹೊಸ ದಾರಿ ಹಿಡಿದರು.

ಶಿವಮೊಗ್ಗದಿಂದ ಭದ್ರಾವತಿಯ ಕಡೆಗೆ ಹೊರಡುವ ರೈಲಿನ ಡಬ್ಬಿಗಳಿಗೆ ಹಿಂದೆಯೂ ಮುಂದೆಯೂ ಕೊಕ್ಕೆಗಳಿರುತ್ತವೆ. ಹಿಂದಿನ ಕೊಕ್ಕೆಯಿಲ್ಲದ ಡಬ್ಬಿಯೊಂದು ಸೇರಿಕೊಂಡರೆ ರೈಲು ಅಲ್ಲಿಗೇ ಮುಗಿಯಿತು. ನ್ಯೂಕ್ಲಿಯೋಟೈಡಿನ ಸಕ್ಕರೆಯ ಭಾಗದಲ್ಲಿರುವ ಹೈಡ್ರಾಕ್ಸಿಲ್ ಗುಂಪು ಇಂತಹ ಕೊಕ್ಕೆ. ಅದಿಲ್ಲದ, ರಾಸಾಯನಿಕವಾಗಿ ಮಾರ್ಪಡಿಸಿದ ನ್ಯೂಕ್ಲಿಯೋಟೈಡನ್ನು ಸಹಜವಾದವುಗಳೊಡನೆ ತುಸುವೇ ಬೆರೆಸಿದರೆ, ನಕಲಾಗುತ್ತಿರುವ ಸರಪಳಿಗಳು ಆ ಅಕ್ಷರವಿರುವ ಬೇರೆ ಬೇರೆ ತಾಣಗಳಲ್ಲಿ ನಿಂತುಹೋಗುತ್ತವೆ. ನಾಲ್ಕು ಅಕ್ಷರಗಳಿಗೂ ಹೀಗೆ ಮಾಡಿ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿದರೆ ಲಿಪಿಯನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗಬಹುದು. ಈ ಪದಾರ್ಥಗಳು ಅಂದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪ್ರಯೋಗಶಾಲೆಯಲ್ಲೇ ಶ್ರಮಪಟ್ಟು ತಯಾರಿಸಿಕೊಳ್ಳಬೇಕಾಯಿತು. ನೊಬೆಲ್ ಪಡೆದ ಮೇಲೂ ಸ್ಯಾಂಗರ್ ಮೇಜಿನ ಬಳಿ ನಿಂತು ಸ್ವತಃ ಪ್ರಯೋಗ ಮಾಡುತ್ತಿದ್ದರೆಂಬುದು ಗಮನಾರ್ಹ. ನಿಕ್ಲೆನ್ ಮತ್ತು ಕೋಲ್ಸನ್ ಅವರೊಡನೆ ರೂಪಿಸಿದ ಈ ವಿಧಾನ 1977ರ ಡಿಸೆಂಬರಿನಲ್ಲಿ ಬೆಳಕು ಕಂಡಿತು. 1980ರಲ್ಲಿ ಎರಡನೆಯ ನೊಬೆಲ್ ಬಂದಿತು.

ಮುಂದೆ ಮಾರ್ಪಡಿಸಿದ ನ್ಯೂಕ್ಲಿಯೋಟೈಡ್‌ಗಳಿಗೆ ಹೊಳೆಯುವ ಬಣ್ಣಗಳನ್ನು ಅಂಟಿಸಿ ಯಂತ್ರಗಳಿಂದಲೇ ಓದಿಸುವುದು ಸಾಧ್ಯವಾಯಿತು. 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆ ಬಹುಮಟ್ಟಿಗೆ ಈ ಮಾರ್ಗದಲ್ಲಿಯೇ ನಡೆಯಿತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಾಣುವಿನ ಲಿಪಿಯನ್ನೂ ವಿಜ್ಞಾನಿಗಳು ಓದಿದರು. ಅರ್ಧ ಶತಮಾನದಲ್ಲಿ ಸಂಗ್ರಹವಾದ ಅದರ ಮಾದರಿಗಳನ್ನು ಹೋಲಿಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು.

ಸ್ಯಾಂಗರ್ 1983ರಲ್ಲಿಯೇ ಪ್ರಯೋಗಶಾಲೆಯನ್ನು ಬಿಟ್ಟು ಮನೆಯ ತೋಟದ ಕೆಲಸಕ್ಕೆ ತೊಡಗಿದ್ದರು. ಹೆಸರಿನ ಹಿಂದೆ ಸರ್ ಎಂದು ಕರೆಯಿಸಿಕೊಳ್ಳಲು ಮನಸ್ಸಿಲ್ಲದೆ ಆ ಪದವಿಯನ್ನು ನಿರಾಕರಿಸಿದ್ದರು. 2013ರ ನವೆಂಬರ್ 19ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ, ಕೇಂಬ್ರಿಜ್‌ನಲ್ಲಿ ನಿಧನರಾದರು.