ಚಿಂದಿಗೆ ಮರುಜನ್ಮವಿತ್ತ ಬೆಂಜಮಿನ್ ಲಾ

ಉಣ್ಣೆಯ ನೇಯ್ಗೆಯನ್ನೇ ನೆಚ್ಚಿ ಬದುಕುತ್ತಿದ್ದ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಗೋಮರ್ಸಾಲ್ ಎಂಬ ಊರಿನಲ್ಲಿ, 1773ರಲ್ಲಿ ಬೆಂಜಮಿನ್ ಲಾ ಜನಿಸಿದನು. ದೊಡ್ಡವನಾದ ಮೇಲೆ ನೆರೆಯ ಬ್ಯಾಟ್ಲಿಯಲ್ಲಿ ಬಟ್ಟೆ ತಯಾರಿಸುವ ಕಸುಬನ್ನು ಹಿಡಿದನು.

ಅದು ನೆಪೋಲಿಯನ್ನನೊಡನೆ ಬ್ರಿಟನ್ ಹೋರಾಡುತ್ತಿದ್ದ ಕಾಲ. ಸೈನಿಕರಿಗೆ ಸಮವಸ್ತ್ರ ಬೇಕು, ಹೊದಿಕೆ ಬೇಕು, ಉಣ್ಣೆಯಾದರೋ ದುರ್ಲಭ. ಜೀನುಗಾರರು ಹಳೆಯ ಉಣ್ಣೆಯ ಚಿಂದಿಯನ್ನು ಕೆದರಿ ಜೀನಿನೊಳಗೆ ತುಂಬುತ್ತಿದ್ದುದನ್ನು ಕಂಡು ಅವನಿಗೆ ಹೊಸ ಆಲೋಚನೆ ಹೊಳೆಯಿತೆಂದು ಪ್ರತೀತಿ. ನಾರು ಸತ್ತಿಲ್ಲವಾದರೆ ಅದನ್ನು ಮತ್ತೆ ನೂಲಬಾರದೇಕೆ? 1813ರಲ್ಲಿ ಅವನು ಚಿಂದಿಯನ್ನು ಯಂತ್ರದಲ್ಲಿ ಸೀಳಿ, ಸ್ವಲ್ಪ ಹೊಸ ಉಣ್ಣೆಯನ್ನು ಬೆರೆಸಿ, ನೂಲು ತೆಗೆದು ಬಟ್ಟೆ ನೇಯಿಸಿದನು. ಅದಕ್ಕೆ ‘ಷಾಡಿ’ ಎಂಬ ಹೆಸರಾಯಿತು.

ಕೆಲಸ ಸುಲಭದ್ದಲ್ಲ. ಚಿಂದಿಯನ್ನು ಹೆಂಗಸರು ಕೈಯಾರೆ ಆರಿಸಬೇಕು; ಗುಂಡಿಗಳನ್ನು ಕಿತ್ತು, ಹೊಲಿಗೆಗಳನ್ನು ಕತ್ತರಿಸಿ, ಬಣ್ಣಬಣ್ಣವಾಗಿ ಬೇರ್ಪಡಿಸಬೇಕು. ಬಣ್ಣಕ್ಕೆ ಬಣ್ಣ ಕೂಡಿದರೆ ಮತ್ತೆ ಬಣ್ಣ ಹಾಕುವ ವೆಚ್ಚ ಉಳಿಯುತ್ತಿತ್ತು. ಹೆಣೆದ ಮೃದು ಬಟ್ಟೆಯ ನಾರು ಉದ್ದವಾಗಿ ಬಿಡಿಸಿಕೊಳ್ಳುತ್ತಿತ್ತು. ಬಿಗಿಯಾಗಿ ನೇಯ್ದ ಬಟ್ಟೆಯದು ತುಂಡುತುಂಡಾಗುತ್ತಿತ್ತು. ಅದನ್ನೂ ಬಳಸುವ ಬಗೆ ಬಳಿಕ ಸಿದ್ಧಿಸಿತು. ಆ ನಾರು ‘ಮಂಗೋ’ ಎನಿಸಿಕೊಂಡಿತು. ಯಂತ್ರದ ಧೂಳು ಕೂಲಿಗಳಿಗೆ ಜ್ವರ ತರುತ್ತಿತ್ತು. ನೂಲಲು ಬಾರದ ಕಸವೂ ವ್ಯರ್ಥವಾಗದೆ ಹೊಲಗಳಿಗೆ ಗೊಬ್ಬರವಾಯಿತು.

1837ರಲ್ಲಿ ಲಾ ತೀರಿಕೊಂಡನು. ಅವನ ಕಸುಬು ಮಾತ್ರ ಬೆಳೆಯಿತು. 1860ರ ಸುಮಾರಿಗೆ ಬ್ಯಾಟ್ಲಿಯೊಂದೇ ವರ್ಷಕ್ಕೆ 7000 ಟನ್ನಿಗೂ ಮಿಗಿಲಾಗಿ ಷಾಡಿಯನ್ನು ತಯಾರಿಸುತ್ತಿತ್ತು. ಆದರೆ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾದಾಗ, ಲಾಭಬಡುಕ ಗುತ್ತಿಗೆದಾರರು ಒದಗಿಸಿದ ಕಳಪೆ ಸಮವಸ್ತ್ರಗಳು ಸೈನಿಕರ ಮೈಮೇಲೆಯೇ ಹರಿದುಹೋದವು. ಅಂದಿನಿಂದ ಷಾಡಿ ಎಂಬ ಮಾತು ಇಂಗ್ಲಿಷಿನಲ್ಲಿ ಕೀಳು ವಸ್ತುವಿಗೆ ಪರ್ಯಾಯವಾಯಿತು. ವರ್ತಕರ ದುರಾಸೆಯ ಕಳಂಕವನ್ನು ಮಿತವ್ಯಯದ ಒಂದು ವಿದ್ಯೆಯು ಹೊರಬೇಕಾಯಿತು.

ಹತ್ತಿ ಬೆರೆತ ಉಣ್ಣೆಯ ಬಟ್ಟೆ ಬಂದಾಗ ಆ ವಿದ್ಯೆಗೂ ತೊಡಕಾಯಿತು. ಆಮ್ಲದಿಂದ ಹತ್ತಿಯನ್ನು ಸುಟ್ಟು ಉಣ್ಣೆಯನ್ನು ಉಳಿಸಿಕೊಳ್ಳಬೇಕಾಯಿತು. ಇಂದು ಹತ್ತಿಯೊಡನೆ ಪಾಲಿಯೆಸ್ಟರ್, ಅದರೊಡನೆ ಹಿಗ್ಗುವ ಎಳೆ, ಲೋಹದ ಜಿಪ್ಪು ಎಲ್ಲವೂ ಒಂದೇ ಉಡುಪಿನಲ್ಲಿ ಸೇರಿವೆ. ನಮ್ಮ ದೇಶದ ಪಾಣಿಪತ್ತಿನಲ್ಲಿ ಪರದೇಶದ ಹಳೆಯ ಉಣ್ಣೆಯುಡುಪುಗಳನ್ನು ಸೀಳಿ ಕಂಬಳಿ ಮಾಡುವವರೂ ಮೊದಲು ಗುಂಡಿ, ಜಿಪ್ಪುಗಳನ್ನು ಕೀಳಬೇಕು. ಒಂದೇ ಜಾತಿಯ ನಾರು, ಸುಲಭವಾಗಿ ಬಿಚ್ಚುವ ಹೊಲಿಗೆ, ತೆಗೆಯಲು ಬರುವ ಗುಂಡಿ: ಇವನ್ನು ಉಡುಪಿನ ವಿನ್ಯಾಸಕಾರನು ಮೊದಲೇ ಯೋಚಿಸಿದರೆ ಚಿಂದಿ ಆಯುವವರ ಶ್ರಮ ಎಷ್ಟೋ ಹಗುರವಾದೀತು. ಲಾ ಬಟ್ಟೆಯ ಕೊನೆಯಿಂದ ಆರಂಭಿಸಿದನು. ನಾವು ಕತ್ತರಿ ಹಿಡಿಯುವಾಗಲೇ ಆ ಕೊನೆಯನ್ನು ನೆನೆಯಬೇಕಾಗಿದೆ.